ವಯಸ್ಸಾದವರ ಊಟದ ಸುರಕ್ಷತೆ ಮತ್ತು ಮನಸ್ಸಿನ ನೆಮ್ಮದಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಊರುಗಳಲ್ಲಿ ವಯಸ್ಸಾದವರ ಊಟ, ಆರೋಗ್ಯ ಮತ್ತು ಮನಃಸ್ಥಿತಿಯ ಬಗ್ಗೆ ಮಾಹಿತಿ ಸಂಗ್ರಹಿಸಲು ಮನೆ ಮನೆಗೆ ಹೋಗುವಾಗ, ನಾವು ಬಾಯಿ ತೆರೆಯುವ ಮೊದಲೇ ಮನೆಯವರು ನಮ್ಮನ್ನು ಕೇಳುವ ಪ್ರಶ್ನೆಗಳು ಹಲವಿರುತ್ತವೆ. ಜಗಲಿಯ ಮೇಲೆ ಕೂರಿಸಿ, ಕಾಫಿ ಕೊಟ್ಟು, ನೇರವಾಗಿ ಕೇಳಿದ ಪ್ರಶ್ನೆಗಳವು. ಅಲ್ಲಿ ಅವಸರದಲ್ಲಿ ಕೊಟ್ಟ ಉತ್ತರಗಳಿಗಿಂತ ಪೂರ್ಣವಾದ ಉತ್ತರ ಅವರಿಗೆ ಸಲ್ಲಬೇಕೆಂದು ಇಲ್ಲಿ ಬರೆದಿದ್ದೇನೆ.

ಊಟದ ಬಗ್ಗೆ ವಿಚಾರಿಸಲು ಬಂದವರು ಮನಸ್ಸಿನ ಬಗ್ಗೆ ಏಕೆ ಕೇಳುತ್ತೀರಿ?

ಆಹಾರ ಸುರಕ್ಷತೆ ಎಂದೊಡನೆ ಹೋಟೆಲಿನ ಪರವಾನಗಿ, ಹಾಲಿನ ಪರೀಕ್ಷೆ, ಪೊಟ್ಟಣದ ಮೇಲಿನ ದಿನಾಂಕ ನೆನಪಾಗುತ್ತವೆ. ಮನಸ್ಸಿನ ನೆಮ್ಮದಿ ಎಂದರೆ ಅದು ಮನೋವೈದ್ಯರ ವಿಷಯ ಎನಿಸುತ್ತದೆ. ಕಡತಗಳಲ್ಲಿಯೂ ಇವು ಬೇರೆ ಬೇರೆ ವಿಭಾಗಗಳ ಕೆಲಸಗಳಾಗಿಯೇ ಇವೆ. ಆದರೆ ಒಬ್ಬರೇ ಇರುವ ಎಪ್ಪತ್ತೈದರ ಅಜ್ಜಿಯ ಅಡುಗೆಮನೆಗೆ ಹೋದರೆ ಇವೆರಡನ್ನೂ ಬಿಡಿಸಿ ನೋಡಲು ಬರುವುದಿಲ್ಲ. ತನ್ನೊಬ್ಬಳಿಗಾಗಿ ಎರಡು ಹೊತ್ತು ಒಲೆ ಹಚ್ಚುವುದು ಏಕೆ ಎಂದು ಅವರು ಸೋಮವಾರ ಮಾಡಿದ ಸಾರನ್ನು ಬುಧವಾರದವರೆಗೂ ಬಿಸಿ ಮಾಡಿಕೊಂಡು ಉಣ್ಣುತ್ತಾರೆ. ಅದು ಹಳಸಿದೆಯೋ ಇಲ್ಲವೋ ಎಂದು ಹೇಳಲು ಪಕ್ಕದಲ್ಲಿ ಮತ್ತೊಂದು ಮೂಗು ಇರುವುದಿಲ್ಲ. ಒಮ್ಮೆ ಭೇದಿಯಾಗಿ ಸುಸ್ತಾದರೆ, ರಾತ್ರಿ ಬಚ್ಚಲಿಗೆ ಎದ್ದು ಹೋಗುವಾಗ ಬಿದ್ದೇನೆಂಬ ಭಯ ಶುರುವಾಗುತ್ತದೆ. ಆ ಭಯಕ್ಕೆ ರಾತ್ರಿಯ ಊಟ ಬಿಡುತ್ತಾರೆ, ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ, ದೂರದ ಮದುವೆಗೆ ಹೋಗುವುದನ್ನು ನಿಲ್ಲಿಸುತ್ತಾರೆ. ಜನರ ನಡುವೆ ಹೋಗುವುದು ನಿಂತ ಮೇಲೆ ಮನಸ್ಸು ಇನ್ನಷ್ಟು ಕುಗ್ಗುತ್ತದೆ, ಅಡುಗೆ ಮಾಡುವ ಉತ್ಸಾಹ ಇನ್ನಷ್ಟು ಇಳಿಯುತ್ತದೆ.

ಆದ್ದರಿಂದ ಹಿರಿಯರು ಯಾರ ಜೊತೆ ಕೂತು ಉಣ್ಣುತ್ತಾರೆ ಎಂಬುದನ್ನು ನಾನು ಆಹಾರ ಸುರಕ್ಷತೆಯ ಪ್ರಶ್ನೆಯೆಂದೇ ಎಣಿಸುತ್ತೇನೆ. ಈ ಪ್ರಶ್ನೆಯಿಲ್ಲದೆ ಸೋಪು, ನೀರು, ಫ್ರಿಜ್ಜುಗಳನ್ನು ಮಾತ್ರ ಲೆಕ್ಕ ಹಾಕಿದ ಸಮೀಕ್ಷೆ ಅರ್ಧ ಕೆಲಸವನ್ನಷ್ಟೇ ಮಾಡಿದಂತೆ.

ನಮ್ಮ ಜಿಲ್ಲೆಗಳಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವೇನಾದರೂ ಇದೆಯೆ?

ಇದೆ. 2001ರ ಜನಗಣತಿಯಲ್ಲಿ 11,40,905 ಇದ್ದ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2011ರಲ್ಲಿ 11,37,961ಕ್ಕೆ ಇಳಿಯಿತು. ಇಡೀ ರಾಜ್ಯದ ಜನಸಂಖ್ಯೆ ಶೇಕಡಾ 15ಕ್ಕಿಂತ ಹೆಚ್ಚು ಏರಿದ ಅದೇ ಹತ್ತು ವರ್ಷಗಳಲ್ಲಿ ಹಾಸನ ಜಿಲ್ಲೆಯದು ಏರಿದ್ದು ಶೇಕಡಾ 3ರಷ್ಟು ಮಾತ್ರ. ಮಕ್ಕಳ ಸಂಖ್ಯೆ ಕಡಿಮೆಯಾದದ್ದು ಇದಕ್ಕೆ ಒಂದು ಕಾರಣ, ದುಡಿಯುವ ವಯಸ್ಸಿನವರು ಬೆಂಗಳೂರಿಗೆ, ಮಂಗಳೂರಿಗೆ, ಮೈಸೂರಿಗೆ ಹೋದದ್ದು ಇನ್ನೊಂದು. ಮೂಡಿಗೆರೆ, ಕೊಪ್ಪ, ಆಲೂರು, ಸಕಲೇಶಪುರದ ಒಂಟಿಮನೆಗಳಲ್ಲಿ ತೋಟದ ನಡುವೆ ವಯಸ್ಸಾದ ಗಂಡ ಹೆಂಡತಿ ಇಬ್ಬರೇ, ಕೆಲವೆಡೆ ಒಬ್ಬರೇ ಇರುವುದು ಈಗ ಅಪರೂಪವಲ್ಲ. ಪಕ್ಕದ ಮನೆ ಅರ್ಧ ಮೈಲಿ ದೂರ, ಮಳೆಗಾಲದಲ್ಲಿ ಆ ಅರ್ಧ ಮೈಲಿಯೂ ಹೆಚ್ಚು. ಅರಸೀಕೆರೆ, ಕಡೂರಿನಂತಹ ಬಯಲು ಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿರುವುದರಿಂದ ಸ್ಥಿತಿ ಸ್ವಲ್ಪ ಬೇರೆ. ಆದರೂ ಬಾಗಿಲು ಮುಚ್ಚಿಕೊಂಡು ಒಬ್ಬರೇ ಉಣ್ಣುವ ಹಿರಿಯರು ಅಲ್ಲಿಯೂ ಇದ್ದಾರೆ.

ಒಂದೇ ಸಾರನ್ನು ಮನೆಮಂದಿಯೆಲ್ಲ ಉಂಡರೂ ಅಜ್ಜನಿಗೆ ಮಾತ್ರ ಏಕೆ ಭೇದಿಯಾಗುತ್ತದೆ?

ಹೊಟ್ಟೆಗೆ ಹೋದ ರೋಗಾಣುಗಳಲ್ಲಿ ಬಹುಪಾಲನ್ನು ಕೊಲ್ಲುವುದು ಜಠರದ ಆಮ್ಲ. ವಯಸ್ಸಾದಂತೆ ಕೆಲವರಲ್ಲಿ ಈ ಆಮ್ಲ ಕಡಿಮೆಯಾಗುತ್ತದೆ. ಅದರ ಮೇಲೆ, ಎದೆಯುರಿಗೆಂದು ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವವರು ನಮ್ಮ ಊರುಗಳಲ್ಲಿ ತುಂಬ ಮಂದಿ ಇದ್ದಾರೆ. ಆಮ್ಲವನ್ನು ತಗ್ಗಿಸುವುದೇ ಈ ಮಾತ್ರೆಗಳ ಕೆಲಸ. ರೋಗನಿರೋಧಕ ಶಕ್ತಿ ಕುಂದಿರುತ್ತದೆ, ಸಕ್ಕರೆ ಕಾಯಿಲೆಯಿದ್ದರೆ ಇನ್ನೂ ಹೆಚ್ಚು. ಬಾಯಾರಿಕೆ ತಿಳಿಯುವುದೂ ಮಂದವಾಗುವುದರಿಂದ, ಹತ್ತು ಸಲ ಭೇದಿಯಾದರೂ ಅಜ್ಜ ನೀರು ಕೇಳದೆ ಮಲಗಿರಬಹುದು. ಮೊಮ್ಮಗನಿಗೆ ಒಂದು ದಿನದ ಹೊಟ್ಟೆನೋವಾಗಿ ಮುಗಿಯುವುದು ಅಜ್ಜನಿಗೆ ಆಸ್ಪತ್ರೆ ಸೇರುವ ಕಾಯಿಲೆಯಾಗುವುದು ಹೀಗೆ.

ಕಲುಷಿತ ಆಹಾರದಿಂದ ಪ್ರಪಂಚದಲ್ಲಿ ಪ್ರತಿ ವರ್ಷ ಸುಮಾರು 60 ಕೋಟಿ ಜನ ಕಾಯಿಲೆ ಬೀಳುತ್ತಾರೆಂದೂ ಸುಮಾರು 4,20,000 ಜನ ಸಾಯುತ್ತಾರೆಂದೂ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅಂದಾಜು ಮಾಡಿತು. ಮಕ್ಕಳ ಸಾವು ಅದರಲ್ಲಿ ದೊಡ್ಡ ಪಾಲಾಗಿದ್ದು, ಗಮನ ಅತ್ತ ಹೋದದ್ದು ನ್ಯಾಯವೇ. ಆದರೆ ಹಿರಿಯರಿಗೆ ಹೊಟ್ಟೆ ಕೆಟ್ಟರೆ ‘ವಯಸ್ಸಾಯಿತು’ ಎಂಬ ಒಂದು ಮಾತಿನಲ್ಲಿ ಅದು ಮರೆಯಾಗಿಬಿಡುತ್ತದೆ.

ನಮ್ಮ ಹಿರಿಯರು ತಂಗಳು ಉಂಡೇ ಗಟ್ಟಿಯಾಗಿ ಬದುಕಲಿಲ್ಲವೆ?

ಈ ಪ್ರಶ್ನೆಯನ್ನು ತಳ್ಳಿಹಾಕಬಾರದು, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ರಾಗಿ ಅಂಬಲಿಯನ್ನು ರಾತ್ರಿಯಿಡೀ ಹುಳಿಯಲು ಬಿಟ್ಟು ಬೆಳಿಗ್ಗೆ ಮಜ್ಜಿಗೆ ಬೆರೆಸಿ ಕುಡಿಯುವುದಕ್ಕೂ, ಅನ್ನವನ್ನು ಹಾಗೆಯೇ ಮುಚ್ಚಿಟ್ಟು ಮರುದಿನ ಉಣ್ಣುವುದಕ್ಕೂ ವ್ಯತ್ಯಾಸವಿದೆ. ಹುಳಿ ಬಂದ ಆಹಾರದಲ್ಲಿ ಆಮ್ಲ ಹೆಚ್ಚುವುದರಿಂದ ರೋಗಾಣುಗಳು ಬೆಳೆಯುವುದು ಕಷ್ಟ. ಹುಳಿಯಾಗದ ಅನ್ನ, ಬೇಳೆ ಸಾರು, ಪಲ್ಯ, ಮಾಂಸದ ಸಾರುಗಳಲ್ಲಿ ಆ ರಕ್ಷಣೆ ಇರುವುದಿಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ಹಿಂದೆ ತಂಗಳು ಎಂದರೆ ರಾತ್ರಿ ಉಳಿದದ್ದನ್ನು ಬೆಳಿಗ್ಗೆ ಉಂಡು ಮುಗಿಸುವುದು. ಹತ್ತು ಜನರ ಮನೆಯಲ್ಲಿ ಮೂರು ದಿನ ಉಳಿಯುವಷ್ಟು ಏನೂ ಇರುತ್ತಿರಲಿಲ್ಲ. ಈಗ ಇಬ್ಬರೇ ಇರುವ ಮನೆಯಲ್ಲಿ ಅದೇ ಹಳೆಯ ಪಾತ್ರೆಯ ಅಳತೆಗೆ ಅಡುಗೆಯಾಗುತ್ತದೆ. ಅನ್ನ ಚೆಲ್ಲಬಾರದು ಎಂದು ಕಲಿತವರು, ಬರಗಾಲವನ್ನು ಕಂಡವರು, ಹಳಸಿದ್ದು ಗೊತ್ತಾದರೂ ಮನಸ್ಸು ಒಪ್ಪದೆ ಉಣ್ಣುತ್ತಾರೆ. ಅವರನ್ನು ಗದರಿಸಿ ಪ್ರಯೋಜನವಿಲ್ಲ, ಗದರಿಸುವುದು ಸರಿಯೂ ಅಲ್ಲ. ಚಿಕ್ಕ ಪಾತ್ರೆ ತಂದುಕೊಡುವುದು, ಮಿಕ್ಕದ್ದು ಹಸುವಿನ ಕಲಗಚ್ಚಿಗೋ ನಾಯಿಗೋ ಹೋಗುವಂತೆ ನೋಡಿಕೊಳ್ಳುವುದು, ಅಂದರೆ ಅನ್ನ ವ್ಯರ್ಥವಾಗಲಿಲ್ಲ ಎಂಬ ಸಮಾಧಾನ ಅವರಿಗೆ ಸಿಗುವಂತೆ ಮಾಡುವುದು ಹೆಚ್ಚು ಫಲ ಕೊಡುತ್ತದೆ.

ಚೆನ್ನಾಗಿ ಕುದಿಸಿದರೆ ಎಲ್ಲವೂ ಸರಿಹೋಗುವುದಿಲ್ಲವೆ?

ಬಹಳಷ್ಟು ಸರಿಹೋಗುತ್ತದೆ, ಎಲ್ಲವೂ ಅಲ್ಲ. ಅಡುಗೆಯ ಒಳಭಾಗ 70 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾದರೆ ಹೆಚ್ಚಿನ ರೋಗಾಣುಗಳು ಸಾಯುತ್ತವೆ. ಕರೆದು ತಂದ ಹಾಲನ್ನು ಕುದಿಸಿಯೇ ಕುಡಿಯಬೇಕೆನ್ನುವುದು ಇದಕ್ಕಾಗಿ. ಮೊಳಕೆ ಕಾಳನ್ನು ಹಿರಿಯರಿಗೆ ಹಸಿಯಾಗಿ ಕೊಡುವ ಬದಲು ನಮ್ಮ ಕಡೆಯ ಪದ್ಧತಿಯಂತೆ ಬೇಯಿಸಿ ಸಾರು ಮಾಡಿ ಕೊಡುವುದು ಒಳ್ಳೆಯದು. 2011ರಲ್ಲಿ ಜರ್ಮನಿಯಲ್ಲಿ 3,800ಕ್ಕೂ ಹೆಚ್ಚು ಜನರಿಗೆ ತಗುಲಿ ಐವತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಇ. ಕೋಲೈ ಸೋಂಕಿನ ಮೂಲವನ್ನು ಹುಡುಕಿದಾಗ ಅದು ಹಸಿಯಾಗಿ ತಿಂದ ಮೆಂತ್ಯದ ಮೊಳಕೆ ಎಂದು ತಿಳಿಯಿತು.

ಆದರೆ ಕೆಲವು ರೋಗಾಣುಗಳು ಆಹಾರದಲ್ಲಿಯೇ ವಿಷವನ್ನು ಬಿಡುತ್ತವೆ. ಬೆಚ್ಚಗಿನ ಅನ್ನದಲ್ಲಿ ಗಂಟೆಗಟ್ಟಲೆ ಬೆಳೆದ ಬ್ಯಾಸಿಲಸ್ ಸೀರಿಯಸ್, ಗಾಯವಿರುವ ಕೈಯಿಂದ ಬಂದು ಸೇರಿದ ಸ್ಟ್ಯಾಫಿಲೋಕಾಕಸ್ ಇವು ಬಿಟ್ಟ ವಿಷ, ಮತ್ತೆ ಕುದಿಸಿದಾಗ ರೋಗಾಣು ಸತ್ತರೂ ಉಳಿಯುತ್ತದೆ. ಹೀಗಾಗಿ ಅಡುಗೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬೇಡಿ ಎಂಬ ಮಾತಿಗೆ, ಮತ್ತೆ ಕುದಿಸಿ ಎಂಬ ಮಾತಿಗಿಂತ ಹೆಚ್ಚು ತೂಕವಿದೆ.

ಬೂಷ್ಟಿನ ವಿಷ ಇನ್ನೂ ಗಟ್ಟಿ. ಅರಸೀಕೆರೆ ಕಡೆಯ ಕೊಬ್ಬರಿ, ಕಡಲೆಕಾಯಿ, ಮೆಣಸಿನಕಾಯಿ, ಮುಸುಕಿನ ಜೋಳ ಇವು ಸರಿಯಾಗಿ ಒಣಗದೆ ಮಳೆಗಾಲಕ್ಕೆ ಸಿಕ್ಕಿದರೆ ಅವುಗಳ ಮೇಲೆ ಬೆಳೆಯುವ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಬಿಡಬಹುದು. ಅದು ಅಡುಗೆಯ ಬಿಸಿಗೆ ಹೋಗುವುದಿಲ್ಲ. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ಯಕೃತ್ತು ಕೆಟ್ಟು ನೂರಕ್ಕೂ ಹೆಚ್ಚು ಜನ ಸತ್ತರು. ಬೂಷ್ಟು ಬಂದ ಕೊಬ್ಬರಿ ಗಿಟುಕನ್ನು ಒರೆಸಿ, ಬಿಸಿಲಿಗಿಟ್ಟು ಬಳಸುವ ಅಜ್ಜಿಯಂದಿರನ್ನು ನಾನು ನೋಡಿದ್ದೇನೆ. ಅವರ ಕಣ್ಣಿಗೆ ಪೊರೆ ಬಂದಿದ್ದು, ಉಳಿದ ಬೂಷ್ಟು ಅವರಿಗೆ ಕಾಣುವುದೇ ಇಲ್ಲ.

ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಫ್ರಿಜ್ಜಿನಲ್ಲಿಟ್ಟದ್ದನ್ನು ಎಷ್ಟು ಹೊತ್ತು ನಂಬಬಹುದು?

ಬಾಗಿಲು ತೆರೆಯದೆ ಬಿಟ್ಟರೆ ಸುಮಾರು ನಾಲ್ಕು ಗಂಟೆ. ಅದಕ್ಕಿಂತ ಹೆಚ್ಚಾದರೆ ಬೇಯಿಸಿದ ಅಡುಗೆ, ಹಾಲು, ಮಾಂಸ, ಮೀನುಗಳನ್ನು ಬಿಡುವುದೇ ಲೇಸು. ಮಲೆನಾಡಿನ ಜುಲೈ ತಿಂಗಳಲ್ಲಿ ಫ್ರಿಜ್ಜನ್ನು ಇಲ್ಲವೆಂದೇ ತಿಳಿದು, ಆಯಾ ಹೊತ್ತಿಗೆ ಬೇಕಾದಷ್ಟನ್ನೇ ಮಾಡಿಕೊಳ್ಳುವುದು ಸುರಕ್ಷಿತ.

ಕಳಲೆ, ಕಾಡಿನ ಅಣಬೆ ಇವುಗಳನ್ನು ವಯಸ್ಸಾದವರಿಗೆ ಕೊಡಬಹುದೆ?

ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಾಯಿಸುತ್ತ ಎರಡು ಮೂರು ದಿನ ನೆನೆಸಿ, ಆಮೇಲೆ ಬೇಯಿಸುವ ಪದ್ಧತಿಗೆ ಗಟ್ಟಿಯಾದ ಕಾರಣವಿದೆ: ಹಸಿ ಕಳಲೆಯಲ್ಲಿ ಸಯನೈಡನ್ನು ಬಿಡುವ ವಸ್ತುವಿದ್ದು, ನೀರಿನಲ್ಲಿ ಮತ್ತು ಬಿಸಿಯಲ್ಲಿ ಅದು ಹೋಗುತ್ತದೆ. ಈ ಕ್ರಮವನ್ನು ಮುರಿಯದಿದ್ದರೆ ಕಳಲೆ ಉಣ್ಣಬಹುದು. ಅಣಬೆಯ ವಿಷಯ ಹಾಗಲ್ಲ. ಕೆಲವು ವಿಷದ ಅಣಬೆಗಳ ಲಕ್ಷಣ ತಿಂದು ಆರು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ ಕಾಣಿಸುತ್ತದೆ. ಅಷ್ಟರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದಿರುತ್ತದೆ, ಬೇಯಿಸಿದರೆ ಆ ವಿಷ ಹೋಗುವುದೂ ಇಲ್ಲ. ಅಣಬೆ ಗುರುತಿಸುವುದರಲ್ಲಿ ಊರಿಗೇ ಹೆಸರಾದ ಹಿರಿಯರಿದ್ದಾರೆ. ಅವರ ಅರಿವಿನ ಬಗ್ಗೆ ನನಗೆ ಗೌರವವಿದೆ, ಆದರೆ ಆ ಅರಿವು ಕಣ್ಣನ್ನು ನಂಬಿಕೊಂಡಿದೆ. ಕಣ್ಣು ಮಂಜಾದ ಮೇಲೆ ಆ ಕೆಲಸವನ್ನು ಒಬ್ಬರೇ ಮಾಡದೆ, ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಅವರಿಗೆ ಕಲಿಸಲಿ.

ಭೇದಿಯಾದ ಮೇಲೆ ಅಜ್ಜಿ ಏನೇನೋ ಮಾತಾಡುತ್ತಿದ್ದಾರೆ, ಮಗನನ್ನೇ ಗುರುತಿಸುತ್ತಿಲ್ಲ. ಇದು ಮರೆವಿನ ಕಾಯಿಲೆಯೆ?

ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವಷ್ಟು ವ್ಯವಧಾನ ನಿಮಗಿದ್ದರೆ ದಯವಿಟ್ಟು ಇದನ್ನು ಓದಿ. ನಿನ್ನೆಯವರೆಗೆ ಸರಿಯಾಗಿದ್ದವರು ಇವತ್ತು ಗೊಂದಲಗೊಂಡರೆ, ಹೊತ್ತಿಗೊಂದು ಬಗೆಯಾಗಿ ವರ್ತಿಸಿದರೆ, ಇಲ್ಲದವರನ್ನು ಕಂಡಂತೆ ಮಾತಾಡಿದರೆ ಅಥವಾ ಎಬ್ಬಿಸಿದರೂ ಸರಿಯಾಗಿ ಏಳದೆ ಮಂಕಾಗಿ ಮಲಗಿದ್ದರೆ, ಅದು ಡೆಲಿರಿಯಂ ಆಗಿರಬಹುದು. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ಮೆಲ್ಲನೆ ಬರುತ್ತದೆ. ಡೆಲಿರಿಯಂ ಗಂಟೆಗಳಲ್ಲಿ, ದಿನಗಳಲ್ಲಿ ಬರುತ್ತದೆ. ಭೇದಿ ವಾಂತಿಗಳಿಂದ ದೇಹದ ನೀರು ಮತ್ತು ಲವಣಾಂಶ ಏರುಪೇರಾದದ್ದು, ಸೋಂಕು, ಸಕ್ಕರೆಯ ಅಂಶ ಇಳಿದದ್ದು ಇವೆಲ್ಲ ಅದಕ್ಕೆ ಕಾರಣವಾಗಬಹುದು. ಕಾರಣಕ್ಕೆ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ತಡವಾದರೆ ಜೀವಕ್ಕೆ ಅಪಾಯ. ‘ಅರಳುಮರಳು’ ಎಂದೋ ಗಾಳಿ ಸೋಕಿದೆ ಎಂದೋ ಒಂದು ದಿನ ಕಾಯಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ.

ಎಚ್ಚರವಿದ್ದು ನುಂಗಲು ಬರುವವರಿಗೆ ದಾರಿಯಲ್ಲಿ ಓಆರ್‌ಎಸ್ ಕುಡಿಸುತ್ತಿರಿ. ಪೊಟ್ಟಣ ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮತಟ್ಟಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ ಕಲಕಬೇಕು. ಉಪ್ಪು ಹೆಚ್ಚಾಗಬಾರದು. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಎಷ್ಟು ಕುಡಿಯಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ರಕ್ತದೊತ್ತಡದ ಮಾತ್ರೆ, ಮೂತ್ರ ಹೋಗಲು ಕೊಡುವ ಮಾತ್ರೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಇವು ಭೇದಿಯ ಸಮಯದಲ್ಲಿ ತೊಂದರೆ ಕೊಡಬಹುದಾದ್ದರಿಂದ, ಮಾತ್ರೆಗಳ ಚೀಲವನ್ನು ಮರೆಯದೆ ಜೊತೆಗೆ ಒಯ್ದು ತೋರಿಸಿ.

ಹೊಟ್ಟೆಯ ಸೋಂಕು ವಾಸಿಯಾದ ಮೇಲೂ ಅದರ ಪರಿಣಾಮ ಉಳಿಯುತ್ತದೆಯೆ?

ಕೆಲವರಲ್ಲಿ ಉಳಿಯುತ್ತದೆ. ಕೆನಡಾದ ವಾಕರ್ಟನ್ ಎಂಬ ಸಣ್ಣ ಊರಿನಲ್ಲಿ 2000ದ ಮೇ ತಿಂಗಳಲ್ಲಿ ಕುಡಿಯುವ ನೀರು ಕಲುಷಿತಗೊಂಡು ಸುಮಾರು 2,300 ಜನ ಕಾಯಿಲೆ ಬಿದ್ದರು, 7 ಮಂದಿ ಸತ್ತರು. ಸಂಶೋಧಕರು ಆ ಊರಿನ ಜನರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುತ್ತ ಹೋದಾಗ, ಎಂಟು ವರ್ಷಗಳ ನಂತರವೂ ಕೆಲವರಿಗೆ ಕರುಳಿನ ಕಿರಿಕಿರಿ ಹೋಗಿರಲಿಲ್ಲ. ಸೋಂಕು ತಗಲುವ ಹೊತ್ತಿಗೆ ಮನಸ್ಸಿನಲ್ಲಿ ಆತಂಕ, ಖಿನ್ನತೆ ಇದ್ದವರಿಗೆ ಇಂತಹ ತೊಂದರೆ ಉಳಿಯುವ ಸಂಭವ ಹೆಚ್ಚೆಂದು ಬೇರೆ ಬೇರೆ ಅಧ್ಯಯನಗಳಲ್ಲಿ ಕಂಡುಬಂದಿದೆ. ಹೊಟ್ಟೆ ಮತ್ತು ಮಿದುಳು ನರಗಳ ಮೂಲಕ, ರಕ್ತದಲ್ಲಿರುವ ರಾಸಾಯನಿಕಗಳ ಮೂಲಕ ಸದಾ ಸಂಪರ್ಕದಲ್ಲಿರುತ್ತವೆ. ಹಿರಿಯರು ದುಃಖವಾದಾಗ ‘ಹೊಟ್ಟೆಯಲ್ಲಿ ಸಂಕಟ’ ಎನ್ನುವುದನ್ನು ನಾನು ಬರಿಯ ಮಾತಿನ ವರಸೆಯೆಂದು ಬಿಡುವುದಿಲ್ಲ, ಅದನ್ನು ಹಾಗೆಯೇ ಬರೆದುಕೊಳ್ಳುತ್ತೇನೆ.

ಕಲಬೆರಕೆಯ ಭಯದಿಂದ ನಮ್ಮ ತಂದೆ ರೇಷನ್ ಅಕ್ಕಿಯ ಅನ್ನವನ್ನೇ ಮುಟ್ಟುವುದಿಲ್ಲ. ಪ್ಲಾಸ್ಟಿಕ್ ಅಕ್ಕಿ ನಿಜವೆ?

ಅಲ್ಲ. ಪಡಿತರದ ಅಕ್ಕಿಯಲ್ಲಿ ನೂರಕ್ಕೆ ಒಂದರಂತೆ ಬೆರೆಸಿರುವ, ನೋಡಲು ಸ್ವಲ್ಪ ಬೇರೆಯಾಗಿ ಕಾಣುವ ಕಾಳುಗಳು ಸಾರವರ್ಧಿತ ಅಕ್ಕಿಯವು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ ಮತ್ತು ಬಿ12 ಜೀವಸತ್ವವನ್ನು ಸೇರಿಸಿ ಅವನ್ನು ತಯಾರಿಸುತ್ತಾರೆ. ಅನ್ನದ ಉಂಡೆ ಪುಟಿಯುವುದು ಅಕ್ಕಿಯ ಪಿಷ್ಟದ ಗುಣ, ಅದು ಪ್ಲಾಸ್ಟಿಕ್ಕಿನ ಗುರುತಲ್ಲ. ಬಿ12 ಕೊರತೆಯಾದರೆ ಕೈಕಾಲು ಜೋಮು, ಮರೆವು, ಮನಸ್ಸು ಮಂಕಾಗುವುದು ಇವೆಲ್ಲ ಕಾಣಿಸಿಕೊಳ್ಳಬಹುದು. ಸಸ್ಯಾಹಾರಿ ಹಿರಿಯರಲ್ಲಿ ಈ ಕೊರತೆ ಸಾಮಾನ್ಯ. ಆ ಕಾಳುಗಳನ್ನು ಆರಿಸಿ ಎಸೆಯುವವರು ತಮಗೆ ಬೇಕಾದದ್ದನ್ನೇ ಎಸೆದಂತಾಗುತ್ತದೆ. ವಾಟ್ಸಾಪಿನಲ್ಲಿ ಬಂದ ಒಂದು ವಿಡಿಯೊ ವಯಸ್ಸಾದವರ ತಟ್ಟೆಯಿಂದ ಅನ್ನವನ್ನು ಕಿತ್ತುಕೊಂಡದ್ದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಗೆಂದು ಕಲಬೆರಕೆಯೇ ಇಲ್ಲವೆಂದಲ್ಲ. ಅರಿಸಿನ ಪುಡಿಗೆ ಹೊಳಪು ಬರಲೆಂದು ಸೇರಿಸುವ ಲೆಡ್ ಕ್ರೋಮೇಟ್‌ನಲ್ಲಿರುವ ಸೀಸ ಮಿದುಳಿಗೆ ಹಾನಿಕರ. ಬಾಂಗ್ಲಾದೇಶದಲ್ಲಿ ಸಂಶೋಧಕರು ಈ ವಿಷಯವನ್ನು ಹೊರಗೆಡವಿದ ಮೇಲೆ ಅಲ್ಲಿನ ಸರ್ಕಾರ ಕ್ರಮ ಕೈಗೊಂಡು, 2019ರಲ್ಲಿ ಮಾರುಕಟ್ಟೆಯ ಅರಿಸಿನದ ಮಾದರಿಗಳಲ್ಲಿ ಶೇಕಡಾ 47ರಷ್ಟರಲ್ಲಿ ಕಂಡಿದ್ದ ಕಲಬೆರಕೆ 2021ರ ಹೊತ್ತಿಗೆ ಸೊನ್ನೆಗೆ ಇಳಿಯಿತು. ಸಂಶೋಧನೆಯಿಂದ ಏನಾಗುತ್ತದೆ ಎಂದು ಕೇಳುವವರಿಗೆ ನಾನು ಹೇಳುವ ಉದಾಹರಣೆ ಇದು. ನಮ್ಮ ರಾಜ್ಯದಲ್ಲಿಯೂ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗಳಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ ನಿಷೇಧಿಸಿತು. ಅನುಮಾನವಿದ್ದರೆ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೆಯ ಸೆಕ್ಷನ್ ಪ್ರಕಾರ ಕೊಂಡವರೇ ನಿಗದಿತ ಶುಲ್ಕ ಕೊಟ್ಟು ಆಹಾರವನ್ನು ಪರೀಕ್ಷೆ ಮಾಡಿಸಬಹುದು. ಪೊಟ್ಟಣದ ಮೇಲೆ 14 ಅಂಕಿಗಳ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡುವುದನ್ನು ಮನೆಯ ಮಕ್ಕಳಿಗೆ ವಹಿಸಿ. ಸಣ್ಣ ಅಕ್ಷರ ಹಿರಿಯರಿಗೆ ಕಾಣುವುದಿಲ್ಲ.

ತೋಟದ ಔಷಧಿ ಎಲ್ಲಿಟ್ಟಿದ್ದೀರಿ ಎಂದು ಸಮೀಕ್ಷೆಯಲ್ಲಿ ಕೇಳುವುದು ಏಕೆ?

ಕಾಫಿ, ಮೆಣಸು, ಆಲೂಗಡ್ಡೆಗೆ ಹೊಡೆಯುವ ಔಷಧಿಯ ಕ್ಯಾನು ಅಡುಗೆಮನೆಯ ಹಿಂದಿನ ಕೋಣೆಯಲ್ಲಿ, ಎಣ್ಣೆ ಡಬ್ಬದ ಪಕ್ಕದಲ್ಲಿಯೇ ಇರುವ ಮನೆಗಳಿವೆ. ಖಾಲಿ ಕ್ಯಾನನ್ನು ತೊಳೆದು ನೀರಿಗೋ ಸೀಮೆಎಣ್ಣೆಗೋ ಬಳಸುವುದೂ ಇದೆ. ಎಷ್ಟು ತೊಳೆದರೂ ಅದು ಸುರಕ್ಷಿತವಲ್ಲ. ಔಷಧಿಯನ್ನು ಬೇರೆ ಬಾಟಲಿಗೆ ಸುರಿದಿಡುವುದಂತೂ ಕೂಡದು, ಕಣ್ಣು ಕಾಣದವರು ಅದನ್ನು ಬೇರೇನೋ ಎಂದು ತಿಳಿದುಬಿಡುತ್ತಾರೆ.

ಇನ್ನೊಂದು ಕಾರಣವನ್ನು ಮೆಲುದನಿಯಲ್ಲಿಯಾದರೂ ಹೇಳಲೇಬೇಕು. ಬದುಕು ಸಾಕೆನಿಸಿದ ಗಳಿಗೆಯಲ್ಲಿ ಕೈಗೆ ಸಿಗುವಂತೆ ಕೀಟನಾಶಕ ಇರುವುದು ಅಪಾಯ. ಆ ತೀವ್ರತೆ ಅನೇಕರಲ್ಲಿ ಸ್ವಲ್ಪ ಹೊತ್ತಿನದು. ಆ ಹೊತ್ತನ್ನು ದಾಟಿಸಿದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ ಅತಿ ಅಪಾಯಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂದ ಮೇಲೆ, 1995ರಿಂದ 2015ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇಕಡಾ 70ರಷ್ಟು ಇಳಿಯಿತು. ಔಷಧಿಯನ್ನು ವಾಸದ ಮನೆಯಿಂದ ದೂರದಲ್ಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈಯನ್ನು ಬೇರೆಯವರ ಬಳಿ ಇಡಿ. ಮನೆಯ ಹಿರಿಯರು ‘ಇನ್ನು ನಾನಿದ್ದು ಏನಾಗಬೇಕು’ ಎಂದು ಮತ್ತೆ ಮತ್ತೆ ಹೇಳುತ್ತಿದ್ದರೆ ಅದನ್ನು ವಯಸ್ಸಿನ ಮಾತೆಂದು ತಳ್ಳಿಹಾಕದೆ ಪಕ್ಕದಲ್ಲಿ ಕೂತು ಕೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಹಿರಿಯರಿಗೆ ಸಂಬಂಧಿಸಿದ ಬೇರೆ ನೆರವಿಗೆ 14567 ಇದೆ.

ಮನಸ್ಸಿನ ನೆಮ್ಮದಿಯನ್ನು ಪ್ರಶ್ನೆ ಕೇಳಿ ಅಳೆಯಲು ಬರುತ್ತದೆಯೆ?

ಒಂದು ಮಟ್ಟಿಗೆ ಬರುತ್ತದೆ. ಹಿರಿಯರ ಖಿನ್ನತೆಯನ್ನು ಗುರುತಿಸಲು ಹೌದು, ಇಲ್ಲ ಎಂದು ಉತ್ತರಿಸಬಹುದಾದ 15 ಪ್ರಶ್ನೆಗಳ ಒಂದು ಪಟ್ಟಿ 1986ರಿಂದ ಬಳಕೆಯಲ್ಲಿದೆ. ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 2017–18ರಲ್ಲಿ 45 ದಾಟಿದ 72,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ ‘ಲಾಸಿ’ ಸಮೀಕ್ಷೆಯಲ್ಲಿ ಬೇರೆ ಪ್ರಶ್ನಾವಳಿಗಳನ್ನು ಬಳಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ ಹಳ್ಳಿಯ ಜನರನ್ನು ದೀರ್ಘಕಾಲ ಅನುಸರಿಸುವ ಅಧ್ಯಯನ ನಡೆಸುತ್ತಿದ್ದಾರೆ.

ತೊಡಕಿರುವುದು ಮಾತಿನಲ್ಲಿ. ‘ಖಿನ್ನತೆ’ ಎಂಬ ಪದವನ್ನು ಹೊಳೆನರಸೀಪುರದ ಯಾವ ಅಜ್ಜಿಯೂ ಬಳಸುವುದಿಲ್ಲ. ‘ಬೇಜಾರು’, ‘ಏನೂ ಬೇಡ ಅನಿಸುತ್ತೆ’, ‘ಎದೆ ಭಾರ’, ‘ಊಟ ಸೇರಲ್ಲ’ ಎನ್ನುತ್ತಾರೆ. ಊಟ ಸೇರದಿರುವುದು ಹಲ್ಲಿಲ್ಲದ್ದಕ್ಕೋ, ಮಾತ್ರೆಯಿಂದಲೋ, ಹಳಸಿದ ಸಾರಿನಿಂದಲೋ, ಮನಸ್ಸಿನಿಂದಲೋ ಎಂದು ತಿಳಿಯಲು ಪಟ್ಟಿಯ ಹೊರಗೂ ಮಾತಾಡಬೇಕಾಗುತ್ತದೆ. ‘ಊಟ ಆಯ್ತಾ’ ಎಂಬ ಪ್ರಶ್ನೆಗೆ ನಮ್ಮಲ್ಲಿ ‘ಆಯ್ತು’ ಎಂದು ಹೇಳುವುದು ಮರ್ಯಾದೆ. ಬೆಳಿಗ್ಗೆಯಿಂದ ಕಾಫಿಯಲ್ಲಿ ಅದ್ದಿದ ಎರಡು ಬಿಸ್ಕತ್ತು ಬಿಟ್ಟು ಏನೂ ತಿನ್ನದವರೂ ಹಾಗೆಯೇ ಹೇಳುತ್ತಾರೆ. ನಿನ್ನೆ ಬೆಳಿಗ್ಗೆಯಿಂದ ಏನೇನು ತಿಂದಿರಿ, ಅದನ್ನು ಯಾವಾಗ ಮಾಡಿದ್ದು, ಪಕ್ಕದಲ್ಲಿ ಯಾರಿದ್ದರು ಎಂದು ಬಿಡಿಸಿ ಕೇಳುವುದು ಅದಕ್ಕೇ.

ಒಳ್ಳೆಯ ಆಹಾರ ತಿಂದರೆ ಖಿನ್ನತೆ ವಾಸಿಯಾಗುತ್ತದೆ ಎನ್ನಬಹುದೆ?

ಅಷ್ಟು ಸುಲಭವಾಗಿ ಹೇಳಲಾಗದು. ಸರಿಯಾಗಿ ಉಣ್ಣದವರಲ್ಲಿ ಖಿನ್ನತೆ ಹೆಚ್ಚು ಕಂಡರೆ, ಊಟದಿಂದ ಖಿನ್ನತೆ ಬಂತೋ ಖಿನ್ನತೆಯಿಂದ ಊಟ ಕೆಟ್ಟಿತೋ ಅಥವಾ ಬಡತನ, ಒಂಟಿತನ ಎರಡಕ್ಕೂ ಕಾರಣವೋ ಎಂಬುದನ್ನು ಒಂದು ಬಾರಿಯ ಸಮೀಕ್ಷೆ ಹೇಳಲಾರದು. ಆಸ್ಟ್ರೇಲಿಯಾದಲ್ಲಿ 67 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 12 ವಾರ ಆಹಾರದ ಮಾರ್ಗದರ್ಶನ ಪಡೆದವರಲ್ಲಿ ಶೇಕಡಾ 32ರಷ್ಟು ಮಂದಿ ಖಿನ್ನತೆಯಿಂದ ಹೊರಬಂದರು. ಬರಿಯ ಸ್ನೇಹದ ಮಾತುಕತೆ ಪಡೆದ ಗುಂಪಿನಲ್ಲಿ ಶೇಕಡಾ 8ರಷ್ಟು. ಭರವಸೆ ಮೂಡಿಸುವ ಫಲಿತಾಂಶವೇ, ಆದರೆ ಗುಂಪು ಸಣ್ಣದು. ವೈದ್ಯರು ಕೊಟ್ಟ ಖಿನ್ನತೆಯ ಮಾತ್ರೆಯನ್ನು ಬಿಟ್ಟು ಆಹಾರದಿಂದಲೇ ಗುಣಪಡಿಸಿಕೊಳ್ಳುವ ಯತ್ನಕ್ಕೆ ಇದನ್ನು ಆಧಾರ ಮಾಡಿಕೊಳ್ಳಬಾರದು.

ಸುರಕ್ಷತೆಗಾಗಿ ಅಮ್ಮನನ್ನು ಅಡುಗೆಮನೆಯಿಂದ ಬಿಡಿಸಿಬಿಡುವುದು ಒಳ್ಳೆಯದಲ್ಲವೆ?

ಬೆಂಗಳೂರಿನಲ್ಲಿರುವ ಮಕ್ಕಳು ಪ್ರೀತಿಯಿಂದಲೇ ಈ ತೀರ್ಮಾನಕ್ಕೆ ಬರುತ್ತಾರೆ. ಆದರೆ ಐವತ್ತು ವರ್ಷ ಊರಿಗೇ ಬಡಿಸಿದ ಕೈಗೆ ಇನ್ನು ಒಲೆ ಮುಟ್ಟಬೇಡ ಎಂದರೆ, ಅವರಿಗೆ ಉಳಿದಿದ್ದ ಒಂದು ಅಧಿಕಾರವನ್ನೂ ಕಿತ್ತುಕೊಂಡಂತೆ. ಗ್ಯಾಸ್ ಆರಿಸಲು ಮರೆಯುವಷ್ಟು ನೆನಪು ಕುಂದಿದ್ದರೆ ಮಾತು ಬೇರೆ. ಇಲ್ಲದಿದ್ದರೆ ಅಡುಗೆಮನೆಗೆ ಬೆಳಕು ಹೆಚ್ಚಿಸಿ, ಡಬ್ಬಗಳ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು, ದಿನಾಂಕ ಬರೆಯಿರಿ, ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆ ಮಾಡಿಸಿ, ಹಲ್ಲು ಕಟ್ಟಿಸಿ. ಪಕ್ಕದ ಮನೆಯವರೊಂದಿಗೆ ವಾರದಲ್ಲಿ ಎರಡು ದಿನ ಸಾರು ಪಲ್ಯ ಕೊಟ್ಟು ತಗೊಳ್ಳುವ ಹಳೆಯ ರೂಢಿಯನ್ನು ಮತ್ತೆ ಶುರುಮಾಡಿಸಿದರೆ, ಮೂರು ದಿನದ ಸಾರು ಉಳಿಯುವುದೂ ತಪ್ಪುತ್ತದೆ, ಆಗಾಗ ಒಬ್ಬರು ಬಾಗಿಲು ತಟ್ಟುವಂತೆಯೂ ಆಗುತ್ತದೆ.

ಸಮೀಕ್ಷೆಯವರು ಹೆಬ್ಬೆಟ್ಟು ಕೇಳಿದರೆ ಒತ್ತಬಹುದೆ?

ಒತ್ತುವ ಮೊದಲು ಎಲ್ಲವನ್ನೂ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಓದು ಬಾರದವರ ಒಪ್ಪಿಗೆ ಪಡೆಯುವಾಗ ಸಂಶೋಧನೆಗೆ ಸಂಬಂಧವಿಲ್ಲದ, ಓದು ಬಲ್ಲ ಒಬ್ಬ ಸಾಕ್ಷಿ ಜೊತೆಗಿರಬೇಕು. ಯಾವ ಪ್ರಶ್ನೆಗಾದರೂ ಉತ್ತರ ಕೊಡುವುದಿಲ್ಲ ಎನ್ನುವ ಹಕ್ಕು, ನಡುವೆಯೇ ಸಾಕು ಎಂದು ನಿಲ್ಲಿಸುವ ಹಕ್ಕು ನಿಮಗಿದೆ. ಅದರಿಂದ ಪಿಂಚಣಿಗಾಗಲಿ ಪಡಿತರಕ್ಕಾಗಲಿ ತೊಂದರೆಯಾಗಬಾರದು. ಆಧಾರ್ ಒಟಿಪಿ, ಬ್ಯಾಂಕಿನ ವಿವರ ಕೇಳಿದವರು ಸಂಶೋಧಕರಲ್ಲ, ಅವರನ್ನು ಒಳಗೆ ಬಿಡಬೇಡಿ. ಮನಸ್ಸಿನ ಬಗ್ಗೆ ಕೇಳುವಾಗ ಮಗ ಸೊಸೆ ಎದುರಿಗಿದ್ದರೆ ಹಿರಿಯರು ಬಾಯಿ ಬಿಡುವುದಿಲ್ಲ. ಹಾಗಾಗಿ ಆ ಹತ್ತು ನಿಮಿಷ ಅವರನ್ನು ನಮ್ಮೊಂದಿಗೆ ಜಗಲಿಯಲ್ಲಿ ಬಿಟ್ಟು ನೀವು ಒಳಗೆ ಹೋಗಬೇಕೆಂದು ನಾವು ಕೇಳಿಕೊಂಡರೆ ಬೇಸರಪಡಬೇಡಿ.